ಗರುಡ ಇಂಡೋನೇಷ್ಯಾ: ಜಕಾರ್ತಾದಿಂದ ಬಾಲಿಗೆ

ಜಕಾರ್ತಾದ ಸುಕರ್ಣೋ-ಹತ್ತಾ ನಿಲ್ದಾಣದಿಂದ ಬಾಲಿಯ ಡೆನ್‌ಪಸಾರ್‌ಗೆ ವಿಮಾನದಲ್ಲಿ ಎರಡು ಗಂಟೆಯೂ ಹಿಡಿಯುವುದಿಲ್ಲ. ಕಡಿಮೆ ದರದ ವಿಮಾನಗಳು ಹಲವಿದ್ದರೂ ನಾನು ಹೆಚ್ಚು ಹಣ ತೆತ್ತು ಇಂಡೋನೇಷ್ಯಾದ ರಾಷ್ಟ್ರೀಯ ವಿಮಾನ ಸಂಸ್ಥೆಯಾದ ಗರುಡದಲ್ಲಿ ಟಿಕೆಟ್ ಕೊಂಡೆ. ಆ ಹಣ ವ್ಯರ್ಥವಾಗಲಿಲ್ಲ.

ನಾನು ಹತ್ತಿದ್ದು ಬೋಯಿಂಗ್ 737-800. ಬಿಸಿನೆಸ್ ದರ್ಜೆಯಲ್ಲಿ 12, ಎಕಾನಮಿಯಲ್ಲಿ 150 ಸೀಟುಗಳು. 20 ಕಿಲೋ ಸಾಮಾನಿನ ಸಾಗಣೆ ಟಿಕೆಟ್ ದರದಲ್ಲಿಯೇ ಸೇರಿತ್ತು. ಕೆಬಾಯಾ ಎಂಬ ಸಾಂಪ್ರದಾಯಿಕ ರವಿಕೆ ಮತ್ತು ಬಾಟಿಕ್ ಬಟ್ಟೆ ತೊಟ್ಟ ಗಗನಸಖಿಯರು ಬಾಗಿಲಲ್ಲೇ ಎದೆಯ ಮುಂದೆ ಕೈ ಜೋಡಿಸಿ ಬರಮಾಡಿಕೊಂಡರು. ಇಷ್ಟು ಕಿರು ಪ್ರಯಾಣದಲ್ಲಿಯೂ ಬಿಸಿ ಅನ್ನ, ಸಾಂಬಲ್ ಎಂಬ ಖಾರವಾದ ಚಟ್ನಿ, ಹಣ್ಣಿನ ರಸ ಕೊಟ್ಟರು. ಪಕ್ಕದಲ್ಲಿದ್ದ ವೃದ್ಧೆಗೆ ಸೀಟುಬೆಲ್ಟ್ ಹಾಕಿಕೊಳ್ಳಲು ಬಾರದೆ ತಡವರಿಸಿದಾಗ, ಒಬ್ಬ ಗಗನಸಖಿ ಮಂಡಿಯೂರಿ ಕುಳಿತು ತೊಡಿಸಿದ ರೀತಿಯಲ್ಲಿ ತರಬೇತಿಗಿಂತ ಹೆಚ್ಚಿನದೇನೋ ಇತ್ತು. ಸಸ್ಯಾಹಾರಿಗಳು ಟಿಕೆಟ್ ಕೊಳ್ಳುವಾಗಲೇ ತಿಳಿಸಿಬಿಡುವುದು ಒಳ್ಳೆಯದು. ಸಾಧ್ಯವಾದರೆ ಬಲಬದಿಯ ಕಿಟಕಿಯನ್ನು ಕೇಳಿ ಪಡೆಯಿರಿ. ಮೋಡವಿಲ್ಲದ ದಿನ ಜಾವಾದ ಜ್ವಾಲಾಮುಖಿಗಳು ಒಂದೊಂದಾಗಿ ಕಾಣುತ್ತವೆ. ಅವುಗಳಲ್ಲಿ ಅತಿ ಎತ್ತರದ್ದು 3,676 ಮೀಟರಿನ ಸೆಮೇರು, ಅಂದರೆ ನಮ್ಮ ಪುರಾಣಗಳ ಸುಮೇರು.

ಕನ್ನಡಿಗರಿಗೆ ಈ ಸಂಸ್ಥೆಯ ಹೆಸರನ್ನು ಯಾರೂ ವಿವರಿಸಬೇಕಾಗಿಲ್ಲ. ವಿಷ್ಣುವಿನ ವಾಹನವಾದ ಗರುಡನೇ ಅಲ್ಲಿನ ರಾಷ್ಟ್ರಲಾಂಛನ. ನಿಲ್ದಾಣಗಳನ್ನು ನಡೆಸುವ ಸರ್ಕಾರಿ ಸಂಸ್ಥೆಯ ಹೆಸರೂ ‘ಅಂಗ್ಕಾಸ ಪುರ’, ಆಕಾಶದ ಪುರ. ಆದರೆ ಹೆಸರಿಗಿಂತ ನನ್ನನ್ನು ಹೆಚ್ಚು ಕಲಕಿದ್ದು ಸಂಸ್ಥೆ ಹುಟ್ಟಿದ ಬಗೆ. ಡಚ್ಚರ ವಿರುದ್ಧ ಸ್ವಾತಂತ್ರ್ಯ ಹೋರಾಟ ನಡೆಯುತ್ತಿದ್ದ 1948ರಲ್ಲಿ ಅಧ್ಯಕ್ಷ ಸುಕರ್ಣೋ ಸುಮಾತ್ರಾ ದ್ವೀಪದ ‘ಆಚೆ’ (Aceh) ಎಂಬ ಪ್ರಾಂತ್ಯದ ಜನರನ್ನು ಒಂದು ವಿಮಾನಕ್ಕಾಗಿ ಬೇಡಿದರು. ಅಲ್ಲಿನ ಜನ ಕೊಟ್ಟ ದೇಣಿಗೆಯಿಂದ ಒಂದು ಡಕೋಟಾ ವಿಮಾನ ಬಂತು. ಅದಕ್ಕೆ ‘ಸೆಉಲಾವಾ’ ಎಂದು ಹೆಸರಿಟ್ಟರು. ಚಿನ್ನದ ಬೆಟ್ಟವೆಂದು ಅದರ ಅರ್ಥ. ಆ ಡಿಸೆಂಬರಿನಲ್ಲಿ ದುರಸ್ತಿಗೆಂದು ಕಲ್ಕತ್ತಕ್ಕೆ ಬಂದ ವಿಮಾನ ಮರಳಿ ಹೋಗಲಾಗಲಿಲ್ಲ, ಏಕೆಂದರೆ ಡಚ್ ಸೇನೆ ಗಣರಾಜ್ಯದ ರಾಜಧಾನಿ ಯೋಗ್ಯಕರ್ತಾವನ್ನೇ ವಶಪಡಿಸಿಕೊಂಡಿತ್ತು. ಆಗ ವೈಮಾನಿಕರು ಅದನ್ನು ಬರ್ಮಾಕ್ಕೆ ಒಯ್ದು, 1949ರ ಜನವರಿ 26ರಿಂದ ಅಲ್ಲಿನ ಸರ್ಕಾರಕ್ಕೆ ಬಾಡಿಗೆಗೆ ಓಡಿಸಿ ಹೋರಾಟಕ್ಕೆ ಹಣ ಕೂಡಿಸಿದರು. ಗರುಡ ತನ್ನ ಹುಟ್ಟುಹಬ್ಬ ಆಚರಿಸುವುದು ಅದೇ ದಿನ. ಸರಿಯಾಗಿ ಒಂದು ವರ್ಷದ ನಂತರ ದೆಹಲಿಯಲ್ಲಿ ನಡೆದ ನಮ್ಮ ಮೊದಲ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು ಸುಕರ್ಣೋ ಅವರೇ.

1949ರ ಡಿಸೆಂಬರ್ 28ರಂದು, ಡಚ್ ಸಂಸ್ಥೆ ಕೆಎಲ್ಎಂನ ವಿಮಾನವೊಂದು ಗರುಡ ಎಂಬ ಹೊಸ ಹೆಸರನ್ನು ಮೈಮೇಲೆ ಬರೆಸಿಕೊಂಡು ಸುಕರ್ಣೋ ಅವರನ್ನು ಯೋಗ್ಯಕರ್ತಾದಿಂದ ಜಕಾರ್ತಾಕ್ಕೆ ಕರೆತಂದಿತು. 1954ರಲ್ಲಿ ಸಂಸ್ಥೆ ಪೂರ್ತಿಯಾಗಿ ಸರ್ಕಾರದ್ದಾಯಿತು.

ಸುರಕ್ಷತೆಯ ವಿಷಯವನ್ನು ಮುಚ್ಚಿಡುವಂತಿಲ್ಲ. 2007ರ ಮಾರ್ಚ್‌ನಲ್ಲಿ ಯೋಗ್ಯಕರ್ತಾದಲ್ಲಿ ಅತಿ ವೇಗವಾಗಿ ಇಳಿದ ಗರುಡ ವಿಮಾನ ರನ್‌ವೇ ದಾಟಿ ಹೊತ್ತಿ ಉರಿದು 21 ಜನ ಸತ್ತರು; ಯಂತ್ರದ ಎಚ್ಚರಿಕೆಯನ್ನೂ ಸಹಪೈಲಟ್‌ನ ಮಾತನ್ನೂ ಕ್ಯಾಪ್ಟನ್ ಕಿವಿಗೆ ಹಾಕಿಕೊಂಡಿರಲಿಲ್ಲ. ಆ ವರ್ಷವೇ ಯುರೋಪಿಯನ್ ಒಕ್ಕೂಟ ಇಂಡೋನೇಷ್ಯಾದ ಎಲ್ಲ ವಿಮಾನ ಸಂಸ್ಥೆಗಳನ್ನು ನಿಷೇಧಿಸಿತು. ಗರುಡ ಹಠ ಹಿಡಿದು ತನ್ನನ್ನು ತಿದ್ದಿಕೊಂಡು 2009ರಲ್ಲಿ ಆ ಪಟ್ಟಿಯಿಂದ ಹೊರಬಂತು, 2010ರಲ್ಲಿ ಮತ್ತೆ ಆಮ್‌ಸ್ಟರ್‌ಡಾಮ್‌ಗೆ ಹಾರಿತು, 2014ರಲ್ಲಿ ವಿಮಾನ ಸಂಸ್ಥೆಗಳ ಗುಣಮಟ್ಟ ಅಳೆಯುವ ಸ್ಕೈಟ್ರ್ಯಾಕ್ಸ್‌ನ ಪಂಚತಾರಾ ಮನ್ನಣೆ ಪಡೆಯಿತು.

ಈ ಏಳಿಗೆಯ ಕಾಲದಲ್ಲಿ ಸಂಸ್ಥೆಯನ್ನು ಮುನ್ನಡೆಸಿದ್ದ ಎಮಿರ್‌ಸ್ಯಾ ಸತಾರ್ ಅವರಿಗೇ, ವಿಮಾನ ಮತ್ತು ಎಂಜಿನ್ ಖರೀದಿಯಲ್ಲಿ ಲಂಚ ಪಡೆದ ಪ್ರಕರಣದಲ್ಲಿ 2020ರಲ್ಲಿ ಎಂಟು ವರ್ಷಗಳ ಶಿಕ್ಷೆಯಾಯಿತು ಎಂಬುದನ್ನು ಓದಿದಾಗ ನನಗೆ ನೋವಾಯಿತು. ಜನರ ದೇಣಿಗೆಯಿಂದ ಮೊದಲ ರೆಕ್ಕೆ ಪಡೆದ ಸಂಸ್ಥೆಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ವಿಮಾನಗಳ ದುಬಾರಿ ಬಾಡಿಗೆ ಗುತ್ತಿಗೆಗಳ ಮೇಲೆ ಕೋವಿಡ್ ಬಂದೆರಗಿ, ಸಾಲ ಸುಮಾರು ಸಾವಿರ ಕೋಟಿ ಡಾಲರಿನಷ್ಟಾಯಿತು. 2022ರಲ್ಲಿ ನ್ಯಾಯಾಲಯದ ಮೂಲಕ ಸಾಲ ಕೊಟ್ಟವರೊಡನೆ ಒಪ್ಪಂದ ಮಾಡಿಕೊಂಡು ಅದನ್ನು ಅರ್ಧದಷ್ಟಕ್ಕೆ ಇಳಿಸಬೇಕಾಯಿತು. ಅದರ ಪರಿಣಾಮ ಪ್ರಯಾಣಿಕರಿಗೂ ತಟ್ಟಿದೆ: ವಿಮಾನಗಳ ಸಂಖ್ಯೆ ತಗ್ಗಿದೆ, ಹಲವು ಮಾರ್ಗಗಳು ನಿಂತಿವೆ.

ಬೆಂಗಳೂರಿನಿಂದ ಗರುಡದ ನೇರ ವಿಮಾನವಿಲ್ಲ. ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ಇಳಿದು ಜಕಾರ್ತಾ ಸೇರುವುದು ಸುಲಭ. ಬಾಲಿಯನ್ನಷ್ಟೇ ನೋಡುವವರಿಗೆ ಬೆಂಗಳೂರಿನಿಂದ ಇಂಡಿಗೋದ ನೇರ ವಿಮಾನವೇ ಸಾಕು. ಆದರೆ ಪ್ರಂಬನನ್‌ನ ಹಿಂದೂ ದೇಗುಲಗಳನ್ನೂ ಬೊರೊಬುದೂರ್‌ನ ಬೌದ್ಧ ಸ್ಮಾರಕವನ್ನೂ ನೋಡಲು ಯೋಗ್ಯಕರ್ತಾಕ್ಕೋ, ಸುಲಾವೆಸಿ ದ್ವೀಪದ ಮಕಾಸ್ಸರ್‌ಗೋ ಹೋಗುವವರು, ವಿಶೇಷವಾಗಿ ವಯಸ್ಸಾದ ತಂದೆತಾಯಿಯರ ಜೊತೆಗಿರುವವರು, ಗರುಡವನ್ನೇ ಆರಿಸಿಕೊಳ್ಳಿ. ಬಾಲಿಯ ಗಡಿಯಾರ ಜಕಾರ್ತಾಕ್ಕಿಂತ ಒಂದು ಗಂಟೆ ಮುಂದಿದೆ ಎಂಬುದು ನೆನಪಿರಲಿ. ಮುಂದಿನ ವಿಮಾನವನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಬೇಕು.