ಹಳೆ ಕಾರಿನ ಪೆಟ್ರೋಲ್ ಖರ್ಚು ಇಳಿಸಲು ನಾಲ್ಕು ದಾರಿ: ಯಾವುದು ಗಿಟ್ಟುತ್ತದೆ?

ಪೆಟ್ರೋಲ್ ದರ ಏರಿದರೆ ದಿನವೂ ಕೆಲಸಕ್ಕೆ ಕಾರಿನಲ್ಲಿ ಹೋಗುವವರು ಬಸ್ಸನ್ನೋ ರೈಲನ್ನೋ ಹಿಡಿಯಬಹುದು. ಹಳೆ ಕಾರನ್ನು ಆಸೆಪಟ್ಟು ಇಟ್ಟುಕೊಂಡು ರಜೆಯಲ್ಲಿ ಓಡಿಸುವವರಿಗೆ ಅದು ಆಗದ ಮಾತು, ಓಡಿಸುವುದೇ ಅವರಿಗೆ ಬೇಕಾದದ್ದು. ಶೆಡ್ಡಿನಲ್ಲಿ ನಿಲ್ಲಿಸಿ ಉಳಿಸೋಣವೆಂದರೆ ಸೀಲುಗಳು ಒಣಗುತ್ತವೆ, ಬ್ರೇಕ್ ಸಿಲಿಂಡರು ಕಚ್ಚಿಕೊಳ್ಳುತ್ತದೆ, ಟ್ಯಾಂಕಿನ ಪೆಟ್ರೋಲ್ ಕೆಡುತ್ತದೆ. ಓಡಿಸುತ್ತಲೇ ಖರ್ಚು ಇಳಿಸಬೇಕು. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿಕೊಡುವ ಭಾಗ) ಇರುವ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಎದುರಿಗಿರುವ ಆಯ್ಕೆಗಳು ನಾಲ್ಕು: ಓಡಿಸುವ ರೀತಿ ಬದಲಿಸುವುದು, ಸರಿಯಾಗಿ ಟ್ಯೂನ್ ಮಾಡುವುದು, ಕಾರ್ಬುರೇಟರಿನ ಬದಲು ಕಂಪ್ಯೂಟರಿನ ಅಳತೆಯಲ್ಲಿ ಪೆಟ್ರೋಲ್ ಚಿಮುಕಿಸುವ ಫ್ಯುಯೆಲ್ ಇಂಜೆಕ್ಷನ್ ಕಿಟ್ ಕೂರಿಸುವುದು, ಎಲ್‌ಪಿಜಿ ಅನಿಲಕ್ಕೆ ಹೋಗುವುದು.

ಹೋಲಿಸುವಾಗ ಹಣದ ಬದಲು ಲೀಟರಿನಲ್ಲಿ ಲೆಕ್ಕ ಹಾಕಿ, ದರ ಏನೇ ಆದರೂ ಲೆಕ್ಕ ಕೆಡುವುದಿಲ್ಲ. ವರ್ಷಕ್ಕೆ 3,000 ಕಿ.ಮೀ. ಓಡುವ, ಲೀಟರಿಗೆ 10 ಕಿ.ಮೀ. ಕೊಡುವ ಕಾರು ಕುಡಿಯುವುದು 300 ಲೀಟರ್. ಖರ್ಚು ನೂರಕ್ಕೆ ಹತ್ತು ಇಳಿದರೆ ಉಳಿಯುವುದು ವರ್ಷಕ್ಕೆ 30 ಲೀಟರ್, ಅಷ್ಟೇ. ಒಂದು ಕಿಟ್ಟಿನ ಬೆಲೆಗೆ 600 ಲೀಟರ್ ಪೆಟ್ರೋಲ್ ಬರುತ್ತದೆಂದರೆ ಅದರ ಹಣ ಹುಟ್ಟಲು 20 ವರ್ಷ ಬೇಕು. ಪೆಟ್ರೋಲ್ ದರ ಎರಡು ಪಟ್ಟಾದರೂ 10 ವರ್ಷ.

ಅಳತೆಯೂ ನೆಟ್ಟಗಿರಬೇಕು. ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡುವ ಕ್ರಮವೇ ಸಾಕು. ಆದರೆ ಹಳೆ ಟ್ಯಾಂಕುಗಳಲ್ಲಿ ಗಾಳಿ ಸಿಕ್ಕಿಕೊಂಡು ಒಂದು ಲೀಟರ್ ಹೆಚ್ಚುಕಡಿಮೆ ಆಗುವುದು ಸುಲಭ. ಹತ್ತು ಲೀಟರ್ ಸುಟ್ಟು ಅಳೆದರೆ ಆ ಒಂದು ಲೀಟರೇ ನೂರಕ್ಕೆ ಹತ್ತರ ತಪ್ಪು. ಕನಿಷ್ಠ 30 ಲೀಟರ್ ಸುಟ್ಟು, ಅದೇ ಬಂಕು, ಅದೇ ಪಂಪು, ಕಾರು ಅದೇ ಮುಖವಾಗಿ ನಿಂತಿರುವಾಗ ತುಂಬಿಸಿ ಲೆಕ್ಕ ಮಾಡಬೇಕು. ಹಾಗೆ ಮಾಡಿದರೂ ನೂರಕ್ಕೆ ಮೂರರೊಳಗಿನ ವ್ಯತ್ಯಾಸವನ್ನು ನಂಬುವಂತಿಲ್ಲ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆಗಳನ್ನು ಮಾರುವವರು ಬದುಕುವುದು ಈ ಅಂತರದಲ್ಲೇ. ಅವುಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಮೊದಲ ದಾರಿಗೆ ಖರ್ಚೇ ಇಲ್ಲ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, 80ರಿಂದ 100 ಕಿ.ಮೀ. ವೇಗಕ್ಕೆ ಹೋದರೆ ಅದು 1.56 ಪಟ್ಟು. ಹಳೆ ಕಾರುಗಳ ಮೈ ಡಬ್ಬದಂತಿರುವುದರಿಂದ ಈ ತಡೆ ಅವಕ್ಕೆ ಇನ್ನೂ ಭಾರ. ಮೇಲಿನ ಕ್ಯಾರಿಯರ್ ಬಿಚ್ಚಿಡಿ. ಟೈರಿನ ಗಾಳಿಯನ್ನು ಓಡಿಸುವ ಮೊದಲು, ತಣ್ಣಗಿರುವಾಗಲೇ ನೋಡಿ. ಆಮೇಲೆ ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ಜ್ಯಾಕ್ ಮೇಲೆತ್ತಿ ಕೈಯಿಂದ ತಿರುಗಿಸಿ. ಬ್ರೇಕ್ ಶೂ ಹಿಡಿದುಕೊಂಡ ಚಕ್ರ ಒಂದೇ ಇದ್ದರೂ ಸಾಕು, ಉಳಿಸಿದ್ದನ್ನೆಲ್ಲ ಅದೇ ತಿಂದುಹಾಕುತ್ತದೆ.

ಎರಡನೆಯದು ಟ್ಯೂನಿಂಗ್. ಇಲ್ಲಿ ಸಿಗುವಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ, ಏಕೆಂದರೆ ಹೆಚ್ಚಿನ ಹಳೆ ಕಾರುಗಳು ಹೊಸದಿದ್ದಾಗಿನ ಮೈಲೇಜನ್ನೇ ಈಗ ಕೊಡುತ್ತಿರುವುದಿಲ್ಲ. ಕ್ರಮ ತಪ್ಪಬಾರದು: ಮೊದಲು ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ತಳ್ಳುವ ಭಾಗದ ನಡುವಿನ ಸಂದು), ಆಮೇಲೆ ಕಿಡಿ ಹಾರಿಸುವ ಪ್ಲಗ್ ಮತ್ತು ಆ ಕಿಡಿಗಾಗಿ ಕರೆಂಟ್ ಕತ್ತರಿಸುವ ಪಾಯಿಂಟ್, ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು), ಕಾರ್ಬುರೇಟರ್ ಕೊನೆಗೆ. ಪಾಯಿಂಟಿನ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪಾಯಿಂಟಿನ ಹಿಮ್ಮಡಿ (ಉಜ್ಜುವ ತುದಿ) ಸವೆದಂತೆ ಗ್ಯಾಪ್ ಕಿರಿದಾಗಿ ಕಿಡಿ ತಡವಾಗುತ್ತದೆ. ಅದಕ್ಕೇ ಗ್ಯಾಪ್ ಮೊದಲು, ಟೈಮಿಂಗ್ ನಂತರ.

ಯಾರೂ ನೋಡದ ಭಾಗವೆಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಕ್ಕದ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿ. ಕಾಲು ಹಗುರವಾಗಿಟ್ಟು ಓಡಿಸುವಾಗ ಗಾಳಿ-ಪೆಟ್ರೋಲ್ ಮಿಶ್ರಣ ನಿಧಾನ ಉರಿಯುತ್ತದೆ, ಆಗ ಕಿಡಿಯನ್ನು ಇನ್ನಷ್ಟು ಮುಂಚೆ ಕೊಡುವುದು ಇದರ ಕೆಲಸ. ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಹರಿದರೂ ಕಾರು ಚೆನ್ನಾಗಿಯೇ ಓಡುತ್ತದೆ, ಪಿಕಪ್ಪೂ ಇರುತ್ತದೆ, ಪೆಟ್ರೋಲ್ ಮಾತ್ರ ಸದ್ದಿಲ್ಲದೆ ಹೋಗುತ್ತಿರುತ್ತದೆ. ಪರೀಕ್ಷೆ ಸುಲಭ: ಡಬ್ಬಿಯ ಕಡೆಯ ಪೈಪನ್ನು ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಒಳಗಿನ ಪ್ಲೇಟ್ ತಿರುಗಿ ಹಾಗೇ ನಿಲ್ಲಬೇಕು. ಹಿಂದಕ್ಕೆ ಜಾರಿದರೆ ಡಯಾಫ್ರಾಮ್ ಹರಿದಿದೆ.

ಕಾರ್ಬುರೇಟರಿನಲ್ಲಿ ಜೆಟ್ಟಿಗೆ (ಪೆಟ್ರೋಲ್ ಹರಿಯುವ ಅಳತೆಯ ಸಣ್ಣ ತೂತು) ಕೈಹಾಕುವ ಮೊದಲು, ಪೆಟ್ರೋಲ್ ಮಟ್ಟ ಕಾಯುವ ತೇಲುವ ಬುರುಡೆ ಫ್ಲೋಟನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ, ಮಟ್ಟ ಏರಿ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತಿದೆ. ಎಂಜಿನ್ ಬಿಸಿಯಾದ ಮೇಲೆ ಚೋಕ್ (ತಣ್ಣಗಿದ್ದಾಗ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆದಿದೆಯೇ ಎಂದು ಏರ್ ಫಿಲ್ಟರ್ ತೆಗೆದು ಕಣ್ಣಾರೆ ನೋಡಿ. ಥ್ರಾಟಲ್ ಸ್ಪಿಂಡಲ್ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ) ಸವೆದು ಗಾಳಿ ಎಳೆಯುತ್ತಿದ್ದರೆ ಐಡ್ಲಿಂಗ್ (ಕಾರು ನಿಂತಾಗಿನ ಎಂಜಿನ್ ಓಟ) ಒಂದೇ ಸಮ ಇರುವುದಿಲ್ಲ. ಅದಕ್ಕೆಂದು ದೊಡ್ಡ ಜೆಟ್ ಹಾಕಿದರೆ ಐಡ್ಲಿಂಗೂ ಸರಿಹೋಗದು, ರಸ್ತೆಯ ಮೇಲೆ ಪೆಟ್ರೋಲ್ ಮಾತ್ರ ಸುರಿಯುತ್ತದೆ. ಸ್ಪಿಂಡಲ್ ಬುಷ್ ಬದಲಿಸುವುದೇ ಪರಿಹಾರ. ಬಿಸಿಯಾಗುತ್ತದೆಂದು ಯಾರೋ ಹಿಂದೆಂದೋ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಕಿತ್ತೆಸೆದಿರುವ ಕಾರುಗಳೂ ಬಹಳ. ಅಂಥ ಎಂಜಿನ್ ತಣ್ಣಗೇ ಉಳಿಯುತ್ತದೆ, ಪೆಟ್ರೋಲ್ ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ. ತಯಾರಕರು ಹೇಳಿದ ಡಿಗ್ರಿಯದನ್ನೇ ಮತ್ತೆ ಹಾಕಿ, ಸಾಮಾನ್ಯವಾಗಿ 82 ಅಥವಾ 88.

ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲಿನಿಂದ ಮೈಲೇಜು ಏರುತ್ತದೆಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆಕ್ಟೇನ್ ಹೇಳುವುದು ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಟಕಟಕ ಎನ್ನುವುದು) ತಡೆಯುವ ಶಕ್ತಿಯನ್ನು, ಉರಿಯುವ ಶಕ್ತಿಯನ್ನಲ್ಲ. ಸರಿಯಾದ ಟೈಮಿಂಗಿನಲ್ಲಿ ನಾಕ್ ಮಾಡದ ಎಂಜಿನ್ನಿಗೆ ಅದರಿಂದ ಏನೂ ಸಿಗದು.

ಮೂರನೆಯ ಇಂಜೆಕ್ಷನ್ ಕಿಟ್ ನಿಜಕ್ಕೂ ಚೆಂದ. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್, ಬೆಟ್ಟ ಹತ್ತಿದರೂ ಮಿಶ್ರಣ ಕೆಡದು. ಆದರೆ ಚೆನ್ನಾಗಿ ಟ್ಯೂನ್ ಆದ ಕಾರ್ಬುರೇಟರಿನ ಪಕ್ಕದಲ್ಲಿಟ್ಟು ನೋಡಿದರೆ ಸಮ ವೇಗದಲ್ಲಿ ಉಳಿತಾಯ ಸ್ವಲ್ಪವೇ. ಹೆಚ್ಚಿನ ಒತ್ತಡದ ಪಂಪು, ಅದಕ್ಕೆ ತಾಳುವ ಹೋಸು, ಟ್ಯಾಂಕಿಗೆ ರಿಟರ್ನ್ ಪೈಪು, ಸೈಲೆನ್ಸರ್ ಪೈಪಿಗೆ ಆಕ್ಸಿಜನ್ ಸೆನ್ಸರ್ ಬೇಕು. ಹಳೆ ಡೈನಮೋ ಇಷ್ಟಕ್ಕೆಲ್ಲ ಕರೆಂಟ್ ಕೊಡಲಾರದು, ಆಲ್ಟರ್ನೇಟರ್ ಖರ್ಚೂ ಸೇರುತ್ತದೆ. ಸೆನ್ಸರಿನ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸ್ವಲ್ಪ ಲೀಕ್ ಇದ್ದರೂ ಹೊರಗಿನ ಗಾಳಿ ಒಳಸೇರುತ್ತದೆ. ಮಿಶ್ರಣ ತೆಳುವಾಗಿದೆ, ಪೆಟ್ರೋಲ್ ಸಾಲದು ಎಂದು ಕಂಪ್ಯೂಟರು ತಪ್ಪು ತಿಳಿದು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಪೆಟ್ರೋಲ್ ಉಳಿಸಲೆಂದೇ ಇದನ್ನು ಕೊಳ್ಳುವುದು ನನ್ನ ಮಟ್ಟಿಗೆ ಗಿಟ್ಟುವ ವ್ಯಾಪಾರವಲ್ಲ.

ಎಲ್‌ಪಿಜಿ ಲೆಕ್ಕ ಬೇರೆ. ಲೀಟರಿಗೆ ಅದರ ಶಕ್ತಿ ಕಡಿಮೆ, 300 ಲೀಟರ್ ಪೆಟ್ರೋಲಿನ ಜಾಗಕ್ಕೆ ಸುಮಾರು 370 ಲೀಟರ್ ಬೇಕು. ಅದರ ದರ ಪೆಟ್ರೋಲಿನ ಅರ್ಧ ಇದ್ದರೆ 185 ಲೀಟರ್ ಪೆಟ್ರೋಲಿನ ಖರ್ಚಿಗೆ ಕೆಲಸ ಮುಗಿದು, ವರ್ಷಕ್ಕೆ 115 ಲೀಟರಿನ ಹಣ ಉಳಿಯುತ್ತದೆ. ಅದೇ 600 ಲೀಟರ್ ಪೆಟ್ರೋಲಿನ ಬೆಲೆಯ ಕಿಟ್ ಐದೂಕಾಲು ವರ್ಷದಲ್ಲಿ ಹಣ ತೀರಿಸುತ್ತದೆ. ಇದೆಲ್ಲ ದೂರದ ಓಟಕ್ಕೆ. ಎಂಜಿನ್ ಬಿಸಿಯಾಗುವ ತನಕ ಪೆಟ್ರೋಲಿನಲ್ಲೇ ಓಡಬೇಕಾದ್ದರಿಂದ, ಐದಾರು ಕಿ.ಮೀ. ಸುತ್ತಿ ಬರುವವರಿಗೆ ಲಾಭ ಕರಗುತ್ತದೆ. ಡಿಕ್ಕಿಯ ಜಾಗ ಹೋಗುತ್ತದೆ, ಶಕ್ತಿಯೂ ಸ್ವಲ್ಪ ಇಳಿಯುತ್ತದೆ. ಕಿಡಿ ದುರ್ಬಲವಾಗಿದ್ದರೆ ಅನಿಲವನ್ನು ಗಾಳಿಗೆ ಬೆರೆಸುವ ಮಿಕ್ಸರ್ ಇರುವ ಕಾರಿನಲ್ಲಿ ಬೆಂಕಿ ಹಿಂದಕ್ಕೆ ಹಾರಿ, ಅಂದರೆ ಬ್ಯಾಕ್‌ಫೈರ್ ಆಗಿ, ಏರ್ ಫಿಲ್ಟರ್ ಡಬ್ಬಿಯೇ ಸಿಡಿಯಬಹುದು. ಹೊಸ ಪ್ಲಗ್ ವೈರು ಮೊದಲೇ ಹಾಕಿ, ಪ್ಲಗ್ ಗ್ಯಾಪ್ ತುಸು ಕಿರಿದು ಮಾಡಿ. ಸೀಸ ಬೆರೆತ ಪೆಟ್ರೋಲಿನ ಕಾಲದ ಮೆತ್ತನೆಯ ವಾಲ್ವ್ ಸೀಟು (ವಾಲ್ವ್ ಮುಚ್ಚಿದಾಗ ಕೂರುವ ಬಳೆ) ಅನಿಲದಲ್ಲಿ ಬೇಗ ಸವೆದು ವಾಲ್ವ್ ಕ್ಲಿಯರೆನ್ಸ್ ಮುಚ್ಚಿಕೊಳ್ಳುತ್ತದೆ. ಗಟ್ಟಿ ಸೀಟು ಕೂರಿಸದೆ ಇತ್ತ ಹೋಗಬೇಡಿ.

ಕಾರ್ಬುರೇಟರ್ ಉಳಿಸಿಕೊಂಡವರು ಎಥನಾಲ್ ಬೆರೆತ ಪೆಟ್ರೋಲಿನ ವಿಷಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೂರಕ್ಕೆ ಹತ್ತು ಬೆರೆತಿದ್ದರೆ ಶಕ್ತಿ ನೂರಕ್ಕೆ ಸುಮಾರು ಮೂರು ಕಡಿಮೆ, ಮಿಶ್ರಣವೂ ಸ್ವಲ್ಪ ತೆಳುವಾಗುತ್ತದೆ. ಬಿಸಿ ಎಂಜಿನ್ ರಸ್ತೆಯಲ್ಲಿ ಮುಗ್ಗರಿಸಿದರೆ ಮೇನ್ ಜೆಟ್ ಒಂದು ಸೈಜ್ ಮೇಲಿನದು ಹಾಕಿ. ಹಳೆ ರಬ್ಬರ್ ಹೋಸುಗಳನ್ನು ಎಥನಾಲ್ ಮೆತ್ತಗೆ ಮಾಡಿ ಬಿರಿಯಿಸುತ್ತದೆ, ಎಥನಾಲ್ ತಾಳುವ ಹೋಸನ್ನೇ ಕೇಳಿ ತನ್ನಿ. ಕಾರ್ಕಿನ ಫ್ಲೋಟಿಗೆ ಬಳಿದ ಅರಗಿನ ವಾರ್ನಿಷನ್ನೂ ಅದು ಕರಗಿಸುತ್ತದೆ. ಕಾರ್ಕು ಪೆಟ್ರೋಲ್ ಕುಡಿದು ಮುಳುಗುತ್ತದೆ, ಆಮೇಲೆ ಕಾರ್ಬುರೇಟರ್ ತುಂಬಿ ಹರಿಯುತ್ತದೆ. ಹಿತ್ತಾಳೆಯ ಫ್ಲೋಟ್ ಸಿಗುವುದಾದರೆ ಈಗಲೇ ಬದಲಿಸಿ.