ಗಿಡದ ಪಕ್ಕ ಕಲ್ಲೋ, ಬಿದ್ದ ಮರದಲ್ಲಿ ಕೆತ್ತನೆಯೋ?

ಬಡಾವಣೆಯ ಪಾರ್ಕಿನಲ್ಲಿ ಮರ, ಶಿಲ್ಪ ಎರಡೂ ಸೇರಿದ ಕೆಲಸ ಮಾಡಿಸಬೇಕು ಅಂತಿದ್ದರೆ ಎರಡು ದಾರಿಗಳಿವೆ.

ಒಂದು, ಜರ್ಮನಿಯ ಕಾಸೆಲ್ ಊರಿನದು. 1982ರಲ್ಲಿ ಕಲಾವಿದ ಜೋಸೆಫ್ ಬಾಯ್ಸ್ ಅಲ್ಲಿ 7000 ಮರ ನೆಡುವ ಕೆಲಸ ಶುರು ಮಾಡಿದರು. ಪ್ರತಿ ಗಿಡದ ಪಕ್ಕ ಸುಮಾರು 4 ಅಡಿಯ ಬಸಾಲ್ಟ್ ಕಲ್ಲು. ಕಲ್ಲುಗಳನ್ನೆಲ್ಲ ಮ್ಯೂಸಿಯಂ ಮುಂದೆ ರಾಶಿ ಹಾಕಿದ್ದರು, ಒಂದು ಗಿಡ ನೆಟ್ಟರೆ ಮಾತ್ರ ಒಂದು ಕಲ್ಲು ಅಲ್ಲಿಂದ ಕದಲುತ್ತಿತ್ತು, ಹಾಗಾಗಿ ಎಷ್ಟು ಕೆಲಸ ಬಾಕಿ ಇದೆ ಅನ್ನೋದು ಇಡೀ ಊರಿಗೇ ಕಾಣುತ್ತಿತ್ತು. ಬಾಯ್ಸ್ 1986ರಲ್ಲಿ ತೀರಿಕೊಂಡರು. ಕೊನೆಯ ಗಿಡವನ್ನು 1987ರಲ್ಲಿ ಅವರ ಮಗ ನೆಟ್ಟರು.

ಇನ್ನೊಂದು, ಲಾಲ್‌ಬಾಗ್‌ನಲ್ಲಿ ಮಾಡಿದ ಹಾಗೆ ಬಿದ್ದ ಮರದ ದಿಮ್ಮಿಯನ್ನೇ ಕೆತ್ತಿಸುವುದು. ಬೇಗ ಆಗುತ್ತದೆ, ಮಕ್ಕಳಿಗೂ ಇಷ್ಟ. ಆದರೆ ಮಳೆ, ಗೆದ್ದಲು ಸುಮ್ನೆ ಬಿಡಲ್ಲ. ನೆರಳಂತೂ ಇಲ್ಲ.

ಪಾರ್ಕಿನಲ್ಲಿ ದೊಡ್ಡ ಮರ ಈಗಾಗಲೇ ಉರುಳಿದ್ದರೆ ಕೆತ್ತಿಸಿ, ಸೌದೆಯಾಗೋದು ತಪ್ಪುತ್ತದೆ. ಇಲ್ಲದಿದ್ದರೆ ನನ್ನ ಓಟು ಮೊದಲನೆಯದಕ್ಕೆ. ಅಶ್ವತ್ಥಕಟ್ಟೆಯ ನಾಗರಕಲ್ಲು ನೋಡಿ ಬೆಳೆದವರಲ್ವಾ ನಾವು? ಕಲ್ಲನ್ನು ಕಾಂಡದಿಂದ ಸ್ವಲ್ಪ ದೂರ ನಿಲ್ಲಿಸಿ, ಬುಡದ ಸುತ್ತ ಕಾಂಕ್ರೀಟ್ ಮಾತ್ರ ಹಾಕಿಸಬೇಡಿ, ಮೊದಲ ಎರಡು ಮೂರು ಬೇಸಿಗೆ ನೀರು ಹಾಕೋರು ಯಾರು ಅಂತ ಗಿಡ ತರುವ ಮೊದಲೇ ಹೆಸರು ಬರೆದಿಟ್ಟುಕೊಳ್ಳಿ.