ದೂರು ಯಾರಿಗೆ ಹೇಳೋದು: ಏಜೆನ್ಸಿಗೋ, ಗ್ರೂಪಿಗೋ, ನೋಟ್‌ಬುಕ್ಕಿಗೋ?

ಮನೆಗೆ ಬಂದು ರೋಗಿಯನ್ನು ನೋಡಿಕೊಳ್ಳುವವರ ಮೇಲೆ ದೂರೇ ಇಲ್ಲದ ಮನೆ ದಾವಣಗೆರೆಯಲ್ಲಿ ನನಗಂತೂ ಸಿಕ್ಕಿಲ್ಲ. ಅವರಿಗೂ ನಮ್ಮ ಮೇಲೆ ಅಷ್ಟೇ ದೂರುಗಳಿರುತ್ತವೆ. ಕೇಳುವವರು ಮಾತ್ರ ಕಡಿಮೆ. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ನಮ್ಮಲ್ಲಿ ಹಲವು ಕೇರ್‌ಟೇಕರ್‌ಗಳು ಬಂದು ಹೋದರು. ಜಗಳ ಬಿಡಿಸೋಕೆ ನಾವು ಹಿಡಿದ ದಾರಿಗಳೂ ಅಷ್ಟೇ ಬದಲಾದವು.

ಮೊದಲನೆಯದು ಏಜೆನ್ಸಿಗೆ ಫೋನ್. ಇದರಷ್ಟು ಸುಲಭ ಯಾವುದೂ ಇಲ್ಲ. ರಾತ್ರಿ ಪಾಳಿಯವರು ಬರಲಿಲ್ಲ ಅಂದಾಗ ಏಜೆನ್ಸಿಯೇ ಬೇಕು, ಬೇರೆ ಯಾರಿಂದಲೂ ಆಗಲ್ಲ. ಆದರೆ ಯಾವ ದೂರಿಗೂ ಅವರ ಹತ್ತಿರ ಒಂದೇ ಔಷಧಿ: "ಬೇರೆಯವರನ್ನು ಕಳಿಸ್ತೀವಿ ಮೇಡಂ." ಊಟ ತಡವಾಯ್ತು ಅಂದರೂ ಅದೇ, ಫೋನ್ ಜಾಸ್ತಿ ನೋಡ್ತಾರೆ ಅಂದರೂ ಅದೇ. ಹೊಸಬರು ಬಂದರೆ ಅತ್ತೆಯ ಯಾವ ಕೈಗೆ ಶಕ್ತಿ ಇಲ್ಲ, ಗಂಜಿ ಎಷ್ಟು ಗಟ್ಟಿ ಇದ್ದರೆ ನೆತ್ತಿಗೆ ಹತ್ತಲ್ಲ, ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಬೇಕು. ಇನ್ನೂ ಕೆಟ್ಟದ್ದು ಏನಂದ್ರೆ, ಒಂದು ಫೋನ್‌ಗೆ ಕೆಲಸ ಹೋಗುತ್ತೆ ಅಂತ ಗೊತ್ತಾದವರು ತಪ್ಪು ಮುಚ್ಚಿಡುತ್ತಾರೆ. ಅತ್ತೆಯ ಬೆನ್ನು ಕೆಂಪಗಾಗಿದ್ದನ್ನು ಒಬ್ಬಾಕೆ ನಮಗೆ ಹೇಳಲೇ ಇಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಕೆಂಪಾದರೆ ಹುಣ್ಣಿನ ಮೊದಲ ಸೂಚನೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೆದರಿದಳು.

ಆಮೇಲೆ ವಾಟ್ಸಾಪ್ ಗ್ರೂಪ್ ಮಾಡಿದೆವು. ಬೆಂಗಳೂರಿನ ಮೈದುನ, ಹುಬ್ಬಳ್ಳಿಯ ನಾದಿನಿ, ಏಜೆನ್ಸಿಯ ಸೂಪರ್‌ವೈಸರ್, ಕೇರ್‌ಟೇಕರ್, ಎಲ್ಲರೂ ಅದರಲ್ಲಿ. ನೋಡಿಕೊಳ್ಳುವವರು ಒಬ್ಬರು, ನೋಡುವವರು ಊರೆಲ್ಲ! ಅತ್ತೆಯನ್ನು ಒಮ್ಮೆಯೂ ಎತ್ತಿ ಕೂರಿಸದವರು ಹೇಗೆ ಎತ್ತಬೇಕು ಅಂತ ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಗಾಯದ ಫೋಟೋ, ಡಾಕ್ಟರ ಚೀಟಿ ಕಳಿಸೋಕೆ ಗ್ರೂಪ್ ಒಳ್ಳೆಯದೇ, ಬೇಡ ಅನ್ನಲ್ಲ. ಎಲ್ಲರೆದುರು ಬೈಸಿಕೊಂಡವರು ಮಾತ್ರ ತಿರುಗಿ ಮಾತಾಡಲ್ಲ, ಸುಮ್ನೆ ಬಿಟ್ಟು ಹೋಗುತ್ತಾರೆ.

ನನ್ನ ಓಟು ನೋಟ್‌ಬುಕ್ಕಿಗೆ. ಮಂಚದ ಪಕ್ಕ ಒಂದು ಪುಸ್ತಕ. ಮುಂದಿನಿಂದ ಊಟ, ಮಾತ್ರೆ, ಬಿಪಿ, ಶುಗರ್, ಯಾವ ಮಗ್ಗುಲಿಗೆ ಮಲಗಿಸಿದ್ದು, ಎಷ್ಟು ಗಂಟೆಗೆ. ಹಿಂದಿನ ಪುಟಗಳಿಂದ ದೂರು, ನಮ್ಮದೂ ಅವರದೂ. "ನನ್ನ ಊಟ ಮೂರು ಗಂಟೆ ಆಗ್ತದೆ." "ಮನೆಯವರೆಲ್ಲರ ಬಟ್ಟೆ ಒಗೆಯೋದು ನನ್ನ ಕೆಲಸ ಅಲ್ಲ." ಇವನ್ನು ಬಾಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಶನಿವಾರ ಸಂಜೆ ಚಹಾ, ಮಂಡಕ್ಕಿ ಇಟ್ಟುಕೊಂಡು ಎರಡೂ ಕಡೆಯದನ್ನು ಓದುತ್ತೇವೆ. ಒಂದು ಬೆಳಿಗ್ಗೆ ಅತ್ತೆಯ ಶುಗರ್ ಇಳಿದು ಮೈಯೆಲ್ಲ ಬೆವರಿತು. ತಿಂಡಿ ತಡ ಮಾಡಿದ್ದು ಕೇರ್‌ಟೇಕರೇ ಅಂತ ಎಲ್ಲರೂ ಕೂಗಾಡಿದರು. ಪುಸ್ತಕ ತೆಗೆದರೆ, ಇನ್ಸುಲಿನ್ ಕೊಟ್ಟಿದ್ದು ನನ್ನ ಗಂಡ, ಅದೂ ಒಲೆ ಹೊತ್ತಿಸುವ ಮುಂಚೆ! ಅಲ್ಲಿಗೆ ಜಗಳ ಮುಗಿಯಿತು. ಬರೆಯೋಕೆ ಬಾರದವರಿಗೆ ಗಂಟೆಗಳ ಖಾನೆ ಹಾಕಿಕೊಟ್ಟೆವು, ಟಿಕ್ ಹಾಕಿದರೆ ಸಾಕು. ಅವರ ದೂರನ್ನು ಮಗಳು ಬರೆದುಕೊಳ್ಳುತ್ತಾಳೆ.

ದುಡ್ಡು, ರಜೆಯ ವಿಷಯ ನೋಟ್‌ಬುಕ್ಕಿನಲ್ಲಿ ಬಗೆಹರಿಯಲ್ಲ. ಅದಕ್ಕೆ ನಮ್ಮ ಬೀದಿಯ ನಿವೃತ್ತ ನರ್ಸಮ್ಮ ಬೇಕಾಯಿತು. ನಾಯಕನಹಟ್ಟಿ ಜಾತ್ರೆಗೆ ರಜೆ ಬೇಕು ಅಂತ ಜಗಳೂರಿನ ಹುಡುಗಿ, ಆಗಲ್ಲ ಅಂತ ನಾವು. ನರ್ಸಮ್ಮ ಹಬ್ಬ, ಜಾತ್ರೆಗಳನ್ನು ಮುಂಚೆಯೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಿದರು, ಆ ದಿನಗಳಿಗೆ ಅವಳ ಅಕ್ಕನನ್ನೇ ಒಪ್ಪಿಸಿದರು. ಸಂಬಳ ಕಡಿಮೆ ಅಂತ ಅವಳು ಗೊಣಗುತ್ತಿದ್ದುದರ ಗುಟ್ಟೂ ಇವರಿಂದಲೇ ಹೊರಬಿತ್ತು. ನಾವು ಕೊಡುವುದಕ್ಕೂ ಅವಳ ಕೈಗೆ ಸೇರುವುದಕ್ಕೂ ನಡುವೆ ಏಜೆನ್ಸಿಯ ಕಮಿಷನ್ ಇತ್ತು. ಸಹಿ ಹಾಕುವ ಮುಂಚೆ ಇದನ್ನು ಕೇಳಿಕೊಳ್ಳಿ. ಆದರೆ ಇಂಥವರು ಎಲ್ಲ ಬೀದಿಯಲ್ಲೂ ಇರಲ್ಲ, ಇದ್ದರೂ ಕೆಲವರ ಬಾಯಲ್ಲಿ ಮಾತು ನಿಲ್ಲಲ್ಲ.

ಹೊಡೆತ, ಕಳ್ಳತನ, ಮೈಮುಟ್ಟುವಂಥ ವಿಷಯ ಬಂದರೆ ನೋಟ್‌ಬುಕ್ಕೂ ಬೇಡ, ನರ್ಸಮ್ಮನೂ ಬೇಡ. ತುರ್ತಿಗೆ 112. ಹಿರಿಯರಿಗೆ ತೊಂದರೆಯಾದರೆ ಎಲ್ಡರ್‌ಲೈನ್ 14567. ಏಜೆನ್ಸಿ ಮುಂಗಡ ಹಿಂದಿರುಗಿಸದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಕೆಲಸಕ್ಕೆ ಬರುವವರ ಕಡೆಗೂ ಕಾನೂನು ಇದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. ಮನೆ ಯಜಮಾನನ ಮೇಲೇ ದೂರಿದ್ದರೆ ಮೂರು ತಿಂಗಳೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆದು ಕೊಡಬಹುದು. ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ಕೂಲಿ ನಿಗದಿ ಮಾಡಿದೆ. ಇದನ್ನು ಹೇಳಿದಾಗ ನಮ್ಮ ಹುಡುಗಿ ನಂಬಲೇ ಇಲ್ಲ.

ಈ ನಂಬರುಗಳನ್ನೆಲ್ಲ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇವೆ, ಅವಳಿಗೂ ಕಾಣುವಂತೆ. ಏಜೆನ್ಸಿಯವರಿಗೆ ಇದು ಅಷ್ಟು ಹಿಡಿಸಿಲ್ಲ.